ಅರಮನೆಗೆ ಮುಂಚಿನ ದಿನಗಳು: ಕಿನ್ನರಕಥೆಗಳ ರಾಜಕುಮಾರಿಯರ ಬಾಲ್ಯವನ್ನು ಕಲ್ಪಿಸುವ ಮಕ್ಕಳ ಅಧ್ಯಾಯ ಪುಸ್ತಕಗಳು

ಯುರೋಪಿನ ಕಿನ್ನರಕಥೆಗಳ ರಾಜಕುಮಾರಿಯರಿಗೆ ಹುಟ್ಟು ಉಂಟು, ಮದುವೆ ಉಂಟು. ಅವೆರಡರ ನಡುವೆ ಬಾಲ್ಯವೆಂಬುದು ಬಹುಮಟ್ಟಿಗೆ ಇಲ್ಲ. ಗ್ರಿಮ್ ಸೋದರರು 1812ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿ, 1857ರ ಕೊನೆಯ ಆವೃತ್ತಿಯವರೆಗೂ ತಿದ್ದುತ್ತ ಬಂದ ಸಂಕಲನವನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಸ್ನೋ ವೈಟ್ ಹುಟ್ಟಿದ ಕೂಡಲೇ ತಾಯಿ ಸಾಯುತ್ತಾಳೆ. ಆಮೇಲೆ ಹುಡುಗಿಯ ವಿಷಯ ಬರುವುದು ಅವಳಿಗೆ ಏಳು ವರ್ಷವಾದಾಗ, ಅದೂ ಅವಳ ಚೆಲುವನ್ನು ಕನ್ನಡಿಯು ಮಲತಾಯಿಗೆ ತಿಳಿಸುವ ಪ್ರಸಂಗದಲ್ಲಿ. ರಪುಂಜೆಲಳಿಗೆ ಹನ್ನೆರಡು ತುಂಬಿದೊಡನೆ ಮಾಟಗಾತಿಯು ಅವಳನ್ನು ಗೋಪುರದಲ್ಲಿ ಕೂಡಿಹಾಕುತ್ತಾಳೆ. ಆ ಹನ್ನೆರಡು ವರ್ಷಗಳು ಒಂದು ವಾಕ್ಯದಲ್ಲಿ ಮುಗಿದುಹೋಗುತ್ತವೆ. ನೂರು ವರ್ಷ ನಿದ್ರಿಸುವ ರಾಜಕುಮಾರಿಯ ಬೆಳವಣಿಗೆಯೂ ಹಾಗೆಯೇ. ತೊಟ್ಟಿಲ ಶಾಪದಿಂದ ಹದಿನೈದನೆಯ ವರ್ಷದ ಕದಿರಿಗೆ ಕಥೆ ಒಂದೇ ನೆಗೆತದಲ್ಲಿ ದಾಟುತ್ತದೆ. ಸಿಂಡರೆಲ್ಲಾ ವಿಷಯದಲ್ಲಿ ಮಾತ್ರ ಗ್ರಿಮ್ ಕಥೆ ತಾಯಿಯ ಮರಣಶಯ್ಯೆಯಿಂದ ಆರಂಭವಾಗುತ್ತದೆ. ಚಳಿಗಾಲದ ಹಿಮ ಸಮಾಧಿಯನ್ನು ಮುಚ್ಚಿ, ವಸಂತದಲ್ಲಿ ಅದು ಕರಗುವ ಹೊತ್ತಿಗೆ ತಂದೆಗೆ ಇನ್ನೊಂದು ಮದುವೆಯಾಗಿರುತ್ತದೆ. ತಾಯಿ ಬದುಕಿದ್ದ ದಿನಗಳ ಬಗೆಗೆ ಕಥೆ ಮೌನವಾಗಿದೆ.

ಇದನ್ನು ಕಥೆಗಳ ಕೊರತೆಯೆಂದು ಭಾವಿಸಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನ ವಿದ್ವಾಂಸ ಮ್ಯಾಕ್ಸ್ ಲೂಥಿ 1947ರಲ್ಲಿ ಪ್ರಕಟಿಸಿದ ತನ್ನ ಅಧ್ಯಯನದಲ್ಲಿ ಯುರೋಪಿನ ಜಾನಪದ ಕಥೆಯ ಶೈಲಿಯನ್ನು ವಿವರಿಸುತ್ತ, ಅಲ್ಲಿನ ಪಾತ್ರಗಳಿಗೆ ಒಳಬದುಕಿನ ಆಳವಾಗಲಿ ಕಾಲದ ಆಳವಾಗಲಿ ಇರುವುದಿಲ್ಲವೆಂಬುದನ್ನು ತೋರಿಸಿಕೊಟ್ಟಿದ್ದಾನೆ. ಅವನ ಪ್ರಕಾರ ಅವು ಪರಿಸರದಿಂದಲೂ ಪರಸ್ಪರರಿಂದಲೂ ಬೇರ್ಪಟ್ಟು ನಿಂತ ಆಕೃತಿಗಳು. ನೆನಪು, ರೂಢಿ, ಗೆಳೆತನ, ನಿಧಾನವಾದ ಕಲಿಕೆ ಇವು ಯಾವುವೂ ಆ ಆಕೃತಿಗಳಿಗೆ ಬೇಕಿಲ್ಲ. ಬಾಲ್ಯವೆಂದರೆ ಇವುಗಳ ಮೊತ್ತವೇ ಆಗಿರುವುದರಿಂದ ಕಿನ್ನರಕಥೆಯಲ್ಲಿ ಅದಕ್ಕೆ ಜಾಗವಿಲ್ಲ. ನಾಯಕಿ ಅನುಭವದಿಂದ ಬದಲಾಗುವವಳಲ್ಲ, ಸಂಕಟದಿಂದ ಬಿಡುಗಡೆ ಹೊಂದುವವಳು.

ಹೀಗೆ ಕಥೆಯೇ ಬಿಟ್ಟ ಜಾಗವನ್ನು ತುಂಬಲು ಹೊರಟಿರುವ ಒಂದು ಪುಸ್ತಕವರ್ಗವು ಇಂಗ್ಲಿಷಿನ ಮಕ್ಕಳ ಸಾಹಿತ್ಯದಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಕಳೆದ ಮೂರು ದಶಕಗಳಲ್ಲಿ ಬೆಳೆದಿದೆ. ಚಿತ್ರಪುಸ್ತಕವನ್ನು ದಾಟಿ ಇನ್ನೂ ಕಾದಂಬರಿಯನ್ನು ಮುಟ್ಟದ, ಸುಮಾರು ಏಳರಿಂದ ಹತ್ತು ವರ್ಷದ ಮಕ್ಕಳು ತಾವಾಗಿಯೇ ಓದಿಕೊಳ್ಳುವ, ಚಿಕ್ಕ ಚಿಕ್ಕ ಅಧ್ಯಾಯಗಳ, ಅಲ್ಲಲ್ಲಿ ಚಿತ್ರಗಳಿರುವ ಪುಸ್ತಕಗಳಿಗೆ ಅಲ್ಲಿ ಚಾಪ್ಟರ್ ಬುಕ್ ಎಂಬ ಹೆಸರು ರೂಢಿಯಲ್ಲಿದೆ. ಪ್ರಸ್ತುತ ಲೇಖನದಲ್ಲಿ ಅದನ್ನು ಅಧ್ಯಾಯ ಪುಸ್ತಕವೆಂದು ಕರೆಯಲಾಗಿದೆ. ಇವು ಮಾಲಿಕೆಗಳಾಗಿ ಬರುವುದೇ ಹೆಚ್ಚು. 1992ರಲ್ಲಿ ಆರಂಭವಾದ 'ಮ್ಯಾಜಿಕ್ ಟ್ರೀ ಹೌಸ್' ಮಾಲಿಕೆ ಇದಕ್ಕೆ ಪ್ರಸಿದ್ಧ ನಿದರ್ಶನ. ಈ ರೂಪದಲ್ಲಿ ರಾಜಕುಮಾರಿಯರ ಬಾಲ್ಯವನ್ನು ಕಥಿಸಿದಾಗ ಮೂಲಕಥೆಗೆ ಏನಾಗುತ್ತದೆ, ಓದುವ ಮಗುವಿಗೆ ಏನು ದೊರೆಯುತ್ತದೆ, ಯಾವುದು ಮರೆಯಾಗುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ವಿಕ್ಟೋರಿಯಾ ಯುಗದ ಒಂದು ಮಾದರಿ

ಪ್ರಸಿದ್ಧ ನಾಯಕಿಯರಿಗೆ ಬಾಲ್ಯವನ್ನು ಕಲ್ಪಿಸಿಕೊಡುವ ಕೆಲಸ ಹೊಸದೇನೂ ಅಲ್ಲ. ಶೇಕ್ಸ್‌ಪಿಯರನ ನಾಟಕಗಳಿಗೆ ಪದಾನುಕ್ರಮ ಕೋಶವನ್ನು ಸಿದ್ಧಪಡಿಸಿ ಹೆಸರಾಗಿದ್ದ ಮೇರಿ ಕೌಡನ್ ಕ್ಲಾರ್ಕ್ 1850ರಿಂದ 1852ರವರೆಗೆ 'ಶೇಕ್ಸ್‌ಪಿಯರನ ನಾಯಕಿಯರ ಬಾಲ್ಯ' ಎಂಬರ್ಥದ ಶೀರ್ಷಿಕೆಯಲ್ಲಿ ಹದಿನೈದು ಕಥೆಗಳನ್ನು ಕಂತುಗಳಾಗಿ ಪ್ರಕಟಿಸಿದಳು. ಪೋರ್ಷಿಯಾ, ಒಫೀಲಿಯಾ, ಜೂಲಿಯೆಟ್, ಡೆಸ್ಡಿಮೋನಾ ಮಾತ್ರವಲ್ಲದೆ ಲೇಡಿ ಮ್ಯಾಕ್‌ಬೆತ್ ಕೂಡ ಅಲ್ಲಿ ಬಾಲಕಿಯಾಗಿ ಕಾಣಿಸಿಕೊಳ್ಳುತ್ತಾಳೆ. ನಾಟಕದಲ್ಲಿ ನಾಯಕಿ ಎಲ್ಲಿ ಮೊದಲು ಕಾಣಿಸಿಕೊಳ್ಳುತ್ತಾಳೋ ಅಲ್ಲಿಗೆ ಅವಳನ್ನು ತಲುಪಿಸಿ ಕಥೆಯನ್ನು ನಿಲ್ಲಿಸುವುದು ಕ್ಲಾರ್ಕಳ ಕ್ರಮ. ಒಫೀಲಿಯಾಳ ಬಾಲ್ಯದಲ್ಲಿ ಹಳ್ಳಿಯ ದಾದಿಯ ಮನೆಯನ್ನೂ ಅಲ್ಲಿ ವಂಚನೆಗೊಳಗಾಗಿ ಸಾಯುವ ಒಬ್ಬ ಹುಡುಗಿಯನ್ನೂ ಅವಳು ತಂದಿರಿಸುತ್ತಾಳೆ. ಮುಂದೆ ನಾಟಕದಲ್ಲಿ ಒಫೀಲಿಯಾಳ ಬುದ್ಧಿ ಕದಡಿದಾಗ ಅವಳ ಬಾಯಿಂದ ಬರುವ ಹಾಡುಗಳಿಗೆ ಈ ಎಳವೆಯ ನೋಟಗಳೇ ಕಾರಣ ಎಂಬುದು ಇದರ ಇಂಗಿತ. ಹುಡುಗಿಯರನ್ನು ಲೋಕದ ಅಪಾಯಗಳಿಗೆ ಸಿದ್ಧಗೊಳಿಸುವ ವಿಕ್ಟೋರಿಯಾ ಕಾಲದ ಉದ್ದೇಶವೂ ಅದರೊಳಗೆ ಸೇರಿಕೊಂಡಿದೆ.

ಈ ಬಗೆಯ ಊಹೆಗಳನ್ನು ಇಪ್ಪತ್ತನೆಯ ಶತಮಾನದ ವಿಮರ್ಶೆ ಕಟುವಾಗಿ ಹೀಯಾಳಿಸಿತು. ಎಲ್. ಸಿ. ನೈಟ್ಸ್ 1933ರಲ್ಲಿ, ಲೇಡಿ ಮ್ಯಾಕ್‌ಬೆತ್‌ಗೆ ಎಷ್ಟು ಮಕ್ಕಳಿದ್ದರು ಎಂಬ ವ್ಯಂಗ್ಯದ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿಕೊಂಡ ಪ್ರಬಂಧದಲ್ಲಿ, ಪಾತ್ರಗಳು ಪಠ್ಯದ ಹೊರಗೆ ಬದುಕಿದ್ದವರಲ್ಲ ಎಂದು ವಾದಿಸಿದ. ವಿಮರ್ಶಕನಿಗೆ ಈ ಎಚ್ಚರ ತಕ್ಕುದೇ. ಆದರೆ ಎಂಟು ವರ್ಷದ ಓದುಗಳಿಗೆ ಅದು ಅನ್ವಯಿಸುವುದಿಲ್ಲ. ಅವಳ ಪಾಲಿಗೆ ಸಿಂಡರೆಲ್ಲಾ ಎಲ್ಲೋ ಇದ್ದವಳು. ಇದ್ದವಳೆಂದ ಮೇಲೆ ತನ್ನಷ್ಟು ಚಿಕ್ಕವಳೂ ಆಗಿದ್ದಿರಬೇಕು. ನೈಟ್ಸ್ ತಳ್ಳಿಹಾಕಿದ ಪ್ರಶ್ನೆಯೇ ಮಕ್ಕಳ ಕಥಾಗ್ರಹಣದ ಮೊದಲ ಪ್ರಶ್ನೆಯೆನ್ನಬಹುದು.

ಫ್ರೆಂಚ್ ಕಥನಮೀಮಾಂಸಕ ಜೆರಾರ್ ಜೆನೆಟ್ 1982ರ ತನ್ನ 'ಪಾಲಿಂಪ್ಸೆಸ್ಟ್ಸ್' ಕೃತಿಯಲ್ಲಿ ಒಂದು ಪಠ್ಯವನ್ನು ಇನ್ನೊಂದು ಪಠ್ಯ ಮುಂದುವರಿಸುವ ಬಗೆಗಳನ್ನು ವರ್ಗೀಕರಿಸಿದ್ದಾನೆ. ಮುಂದಕ್ಕೆ ಸಾಗುವಂತೆ ಹಿಂದಕ್ಕೂ ಸಾಗುವ ಮುಂದುವರಿಕೆಯುಂಟು. ಕಥೆಯ ಆರಂಭದಿಂದ ಮತ್ತಷ್ಟು ಪೂರ್ವಕ್ಕೆ ಹೋಗಿ, ಆ ಆರಂಭಕ್ಕೇ ಬಂದು ಸೇರುವುದು ಅದರ ಲಕ್ಷಣ. ಕ್ಲಾರ್ಕಳ ಕಥೆಗಳೂ ಇಲ್ಲಿ ಚರ್ಚಿತವಾಗಿರುವ ಅಧ್ಯಾಯ ಪುಸ್ತಕಗಳೂ ಈ ವರ್ಗಕ್ಕೆ ಸೇರುತ್ತವೆ.

ಹೊಸಿಲನ್ನು ದಾಟದ ಕಥನ

ಹಿಮ್ಮುಖ ಮುಂದುವರಿಕೆಗೆ ಒಂದು ಕಟ್ಟುಪಾಡುಂಟು: ಮೂಲಕಥೆಯಲ್ಲಿ ನಾಯಕಿಗೆ ಯಾವುದು ಮೊತ್ತಮೊದಲ ಅನುಭವವೋ ಅದನ್ನು ಬಾಲ್ಯದ ಕಥೆ ಮುಟ್ಟುವಂತಿಲ್ಲ. ಡಿಸ್ನಿ ಸಂಸ್ಥೆಯ ಚಲನಚಿತ್ರಗಳನ್ನು ಆಧರಿಸಿದ ಎರಡು ಮಾಲಿಕೆಗಳಲ್ಲಿ ಇದು ಎದ್ದುಕಾಣುತ್ತದೆ. ರಾಜಕುಮಾರಿಯರ ಆರಂಭದ ದಿನಗಳನ್ನು ಹೇಳುವ 'ಡಿಸ್ನಿ ಪ್ರಿನ್ಸೆಸ್ ಬಿಗಿನಿಂಗ್ಸ್' ಎಂಬುದು 2010ರ ದಶಕದ ಉತ್ತರಾರ್ಧದ ಮಾಲಿಕೆ. 'ಬಿಫೋರ್ ದ ಸ್ಟೋರಿ', ಎಂದರೆ ಕಥೆಗೆ ಮುನ್ನ, ಎಂಬುದರ ಪುಸ್ತಕಗಳು 2020ರಲ್ಲಿ ಬಂದವು. ಇವುಗಳಿಗೆ ಆಕರ ಪೆರೋ ಅಥವಾ ಗ್ರಿಮ್ ಅಲ್ಲ, ಚಲನಚಿತ್ರ. 1992ರ 'ಅಲಾದ್ದೀನ್' ಚಿತ್ರದ ಜಾಸ್ಮಿನ್ ತಾನು ಅರಮನೆಯ ಗೋಡೆಯಾಚೆಗೆ ಹೋದವಳೇ ಅಲ್ಲವೆಂದು ಹೇಳಿಕೊಳ್ಳುತ್ತಾಳೆ. ಆದುದರಿಂದ ಅವಳ ಬಾಲ್ಯದ ಸಾಹಸವೆಲ್ಲ ಗೋಡೆಯೊಳಗೇ ನಡೆಯಬೇಕು. 1989ರ ಚಿತ್ರದ ಮತ್ಸ್ಯಕನ್ಯೆ ಏರಿಯಲ್ ನೆಲದ ಮೇಲೆ ನಡೆದಿರಬಾರದು. 2010ರ 'ಟ್ಯಾಂಗಲ್ಡ್' ಚಿತ್ರದ ರಪುಂಜೆಲ್ ಹದಿನೆಂಟನೆಯ ಹುಟ್ಟುಹಬ್ಬದ ಹೊತ್ತಿಗೆ ಮೊದಲ ಬಾರಿ ಹುಲ್ಲಿನ ಮೇಲೆ ಕಾಲಿಡುತ್ತಾಳೆ. ಆ ಒಂದು ಗಳಿಗೆಯ ಬೆರಗನ್ನು ಉಳಿಸಿಕೊಳ್ಳಲು ಅವಳ ಇಡೀ ಬಾಲ್ಯ ಗೋಪುರದೊಳಗೆ ಉಳಿಯಬೇಕಾಗುತ್ತದೆ. 2013ರ 'ಫ್ರೋಜನ್' ಚಿತ್ರದ ಅಕ್ಕತಂಗಿಯರ ಸ್ಥಿತಿ ಇನ್ನೂ ಬಿಗಿಯಾದುದು. ಅಕ್ಕನ ಮಾಯಾಶಕ್ತಿಯಿಂದ ತಂಗಿಗೆ ಆಘಾತವಾದ ಮೇಲೆ ತಂಗಿಯ ನೆನಪಿನಿಂದ ಆ ಶಕ್ತಿಯನ್ನೇ ಅಳಿಸಿಹಾಕಲಾಗುತ್ತದೆ, ಅರಮನೆಯ ಬಾಗಿಲುಗಳನ್ನು ಮುಚ್ಚಲಾಗುತ್ತದೆ. ಆಮೇಲಿನ ವರ್ಷಗಳನ್ನು ಚಿತ್ರ ಒಂದು ಹಾಡಿನಲ್ಲಿ ದಾಟಿಸುತ್ತದೆ. ಆ ವರ್ಷಗಳ ಬಗ್ಗೆ ಬರೆಯುವ ಲೇಖಕಿಗೆ ಅಕ್ಕತಂಗಿಯರ ಕಥೆ ಬೇಕು, ಆದರೆ ಅವರು ಕೂಡಿ ಆಡುವಂತಿಲ್ಲ.

ಇಂತಹ ಬಿಗಿತ ಕಥನಕ್ಕೆ ಒಳಿತನ್ನೂ ಮಾಡಬಲ್ಲುದು. ಮುಂದೆ ಆಗುವುದೆಲ್ಲ ಓದುವ ಮಗುವಿಗೆ ತಿಳಿದಿದೆ, ಪಾತ್ರಕ್ಕೆ ತಿಳಿದಿಲ್ಲ. 2009ರ 'ದ ಪ್ರಿನ್ಸೆಸ್ ಅಂಡ್ ದ ಫ್ರಾಗ್' ಚಿತ್ರದಲ್ಲಿ ನ್ಯೂ ಆರ್ಲಿಯನ್ಸಿನ ಕಪ್ಪು ಹುಡುಗಿ ಟಿಯಾನಾ ತಂದೆಯೊಡನೆ ಅಡಿಗೆ ಮಾಡುತ್ತ ಹೋಟೆಲು ತೆರೆಯುವ ಕನಸನ್ನು ಹಂಚಿಕೊಳ್ಳುತ್ತಾಳೆ. ಅವಳು ದೊಡ್ಡವಳಾಗುವಷ್ಟರಲ್ಲಿ ತಂದೆ ಇರುವುದಿಲ್ಲ. ಟಿಯಾನಾಳ ಬಾಲ್ಯವನ್ನು ಹೇಳುವ ಯಾವ ಕಥೆಯಲ್ಲಾದರೂ ತಂದೆ ನಗುತ್ತ ಒಳಬಂದರೆ ಸಾಕು, ಚಿತ್ರವನ್ನು ನೋಡಿದ ಮಗುವಿಗೆ ಲೇಖಕಿ ಹೇಳದೆ ಬಿಟ್ಟ ಸಂಗತಿ ಅರಿವಾಗುತ್ತದೆ. ಸಿಂಡರೆಲ್ಲಾಳ ತಾಯಿಯ ವಿಷಯದಲ್ಲೂ ಇದೇ ಮಾತು. ಪ್ರೌಢ ಸಾಹಿತ್ಯದಲ್ಲಿ ನಾಟಕೀಯ ವ್ಯಂಗ್ಯವೆಂದು ಹೆಸರಾದ ಈ ಅನುಭವವನ್ನು ಏಳೆಂಟು ವರ್ಷದ ಮಗು ತಾನಾಗಿ ಪಡೆಯುವ ಅವಕಾಶ ಈ ಪುಸ್ತಕಗಳಲ್ಲಿದೆ. ಇದನ್ನು ಬಳಸಿಕೊಳ್ಳುವ ಧೈರ್ಯ ಮಾಲಿಕೆಯ ಬರವಣಿಗೆಯಲ್ಲಿ ಕಡಿಮೆ ಎಂಬುದು ಬೇರೆ ಮಾತು.

ಮಾಲಿಕೆಗಳ ಶೀರ್ಷಿಕೆಗಳನ್ನು ಗಮನಿಸುವುದೂ ಉಪಯುಕ್ತ. ಹಳೆಯ ಕಥೆಗಳಲ್ಲಿ ನಾಯಕಿಯ ಹೆಸರು ಅವಳ ಸ್ಥಿತಿಯನ್ನೋ ಅವಳ ಮೇಲಾದ ಅನ್ಯಾಯವನ್ನೋ ಸೂಚಿಸುತ್ತದೆ. ಒಬ್ಬಳು ನಿದ್ರಿಸುವವಳು, ಒಬ್ಬಳು ಹಿಮದಷ್ಟು ಬಿಳಿ, ಒಬ್ಬಳು ಬೂದಿಯವಳು. ರಪುಂಜೆಲ್ ಎಂಬುದು ಅವಳ ತಂದೆ ಬಸುರಿ ಹೆಂಡತಿಗಾಗಿ ಕದ್ದ ಸೊಪ್ಪಿನ ಹೆಸರು. ಮಗು ಹುಟ್ಟಿದಂದಿನಿಂದಲೂ ಆ ಸಾಲವನ್ನು ಹೊತ್ತಿರುತ್ತದೆ. ಹೊಸ ಪುಸ್ತಕಗಳಲ್ಲಾದರೋ ಮುಲಾನಳ ಗುಟ್ಟಿನ ಯೋಜನೆ, ಬೆಲ್ ಕಂಡುಹಿಡಿದುದು, ಪೊಕಹಾಂಟಸ್ ಮುಂದಾಳಾಗುವುದು ಎಂಬರ್ಥದ ಶೀರ್ಷಿಕೆಗಳು. ಎಲ್ಲವೂ ಕ್ರಿಯೆಗಳು, ಕರ್ತೃ ಹುಡುಗಿಯೇ. ಸಿಂಡರೆಲ್ಲಾಳ ಹೆಸರಂತೂ ನಿಜವಾದ ತೊಡಕನ್ನು ತಂದೊಡ್ಡುತ್ತದೆ. ಒಲೆಯ ಬೂದಿಯ ಬಳಿ ಕೂರತೊಡಗಿದ ಮೇಲೆ ಬಂದ ಅಡ್ಡಹೆಸರು ಅದು. ಬೂದಿಗೆ ಮುಂಚೆ ಅವಳನ್ನು ತಾಯಿ ಏನೆಂದು ಕರೆಯುತ್ತಿದ್ದಳೆಂಬುದನ್ನು ಪೆರೋ ಹೇಳುವುದಿಲ್ಲ, ಗ್ರಿಮ್ ಹೇಳುವುದಿಲ್ಲ. ಅವಳಿಗೆ ಬಾಲ್ಯವನ್ನು ಕೊಡುವವರು ಮೊದಲು ಒಂದು ಹೆಸರನ್ನು ಕೊಡಬೇಕು. ಎಲ್ಲಾ ಎಂಬ ಹೆಸರು ಹೀಗೆ ಬಂದುದು.

ವಿಧೇಯತೆಗೊಂದು ಕಾರಣ

ಅದೇ ಹೆಸರಿನ ಹುಡುಗಿಯನ್ನು ನಾಯಕಿಯಾಗಿಸಿಕೊಂಡ ಗೇಲ್ ಕಾರ್ಸನ್ ಲೆವೀನಳ 'ಎಲ್ಲಾ ಎನ್‌ಚಾಂಟೆಡ್' 1997ರಲ್ಲಿ ಪ್ರಕಟವಾಗಿ 1998ರಲ್ಲಿ ನ್ಯೂಬೆರಿ ಗೌರವವನ್ನು ಪಡೆಯಿತು. ಗಾತ್ರದಲ್ಲಿ ಇದು ಅಧ್ಯಾಯ ಪುಸ್ತಕಕ್ಕಿಂತ ದೊಡ್ಡದು, ಎಳೆಯರ ಕಾದಂಬರಿಯೆನ್ನಬೇಕು. ಆದರೂ ಈ ವರ್ಗದ ಬರವಣಿಗೆಗೆ ಇದು ಹಾಕಿಕೊಟ್ಟ ದಾರಿ ಮುಖ್ಯವಾದುದು. ಸಿಂಡರೆಲ್ಲಾ ಇಷ್ಟೊಂದು ಒಳ್ಳೆಯವಳೇಕೆ, ಹೇಳಿದ್ದನ್ನೆಲ್ಲ ಮಾಡುವುದೇಕೆ ಎಂಬ ಕಿರಿಕಿರಿಯಿಂದ ಈ ಕೃತಿ ಹುಟ್ಟಿತೆಂದು ಲೇಖಕಿಯೇ ಹೇಳಿಕೊಂಡಿದ್ದಾಳೆ. ಅದಕ್ಕೆ ಅವಳು ಕಂಡುಕೊಂಡ ಉತ್ತರ ಒಂದು ಶಾಪ. ಹುಟ್ಟಿದ ಕೂಸು ಅಳು ನಿಲ್ಲಿಸಲಿಲ್ಲವೆಂಬ ಕಾರಣಕ್ಕೆ ಲುಸಿಂಡಾ ಎಂಬ ಅವಿವೇಕಿ ಕಿನ್ನರಿಯು ಅದಕ್ಕೆ ವಿಧೇಯತೆಯನ್ನು ವರವಾಗಿ ಕೊಡುತ್ತಾಳೆ. ಅಂದಿನಿಂದ ಯಾರು ಏನು ಆಜ್ಞಾಪಿಸಿದರೂ ಎಲ್ಲಾ ಪಾಲಿಸಲೇಬೇಕು.

ಒಂದೇ ಒಂದು ಸೇರ್ಪಡೆಯಿಂದ ಮೂಲಕಥೆಯ ನೈತಿಕ ನೆಲೆ ಬದಲಾಗುವುದನ್ನು ಇಲ್ಲಿ ಗಮನಿಸಬೇಕು. ಪೆರೋನ 1697ರ ಕಥೆಯಲ್ಲಿ ಹುಡುಗಿಯ ಸಹನೆ ತಾಯಿಯಿಂದ ಬಂದ ಗುಣ. ಗ್ರಿಮ್ ಕಥೆಯಲ್ಲಿ ಅದು ತಾಯಿಯ ಕೊನೆಯ ಮಾತಿಗೆ ಸಲ್ಲಿಸುವ ನಿಷ್ಠೆ. ಲೆವೀನಳಲ್ಲಿ ಅದೇ ಸಹನೆ ಒಂದು ಕಾಯಿಲೆ. ಹುಡುಗಿ ಅದರೊಡನೆ ದಿನದಿನವೂ ಗುದ್ದಾಡುತ್ತ ಬೆಳೆಯುತ್ತಾಳೆ. ಅಡಿಗೆಯ ಮ್ಯಾಂಡಿ ಬಾದಾಮಿ ತಾ ಎಂದರೆ ಎರಡೇ ಎರಡು ಬಾದಾಮಿ ತರುತ್ತಾಳೆ. ಆಜ್ಞೆ ಪಾಲನೆಯಾಯಿತು, ಕೆಲಸ ಆಗಲಿಲ್ಲ. ದೊಡ್ಡವರ ಮಾತಿನ ಅಕ್ಷರವನ್ನು ಉಳಿಸಿ ಅರ್ಥವನ್ನು ಕೆಡಿಸುವ ಈ ಉಪಾಯ ಯಾವ ಮನೆಯ ಮಗುವಿಗೂ ಅಪರಿಚಿತವಲ್ಲ. ಕೊನೆಯಲ್ಲಿ ರಾಜಕುಮಾರನು ಮದುವೆಯಾಗೆಂದಾಗ, ತನ್ನ ಶಾಪದಿಂದ ಅವನಿಗೇ ಅಪಾಯವೆಂದು ಅರಿತು ಅವಳು ಒಲ್ಲೆನೆನ್ನುತ್ತಾಳೆ. ಆ ನಿರಾಕರಣೆಯಿಂದಲೇ ಶಾಪ ಕಳಚುತ್ತದೆ. ಗಾಜಿನ ಪಾದರಕ್ಷೆಗಿಂತ ಒಲ್ಲೆನೆಂಬ ಮಾತೇ ಇಲ್ಲಿ ಕಥೆಯ ನಡುಗಂಬ. ಬಾಲ್ಯವನ್ನು ಹೇಳದಿದ್ದರೆ ಆ ಮಾತಿಗೆ ಈ ಭಾರ ಬರುತ್ತಿರಲಿಲ್ಲ. ಹದಿನೈದು ವರ್ಷ ಒಲ್ಲೆನೆನ್ನಲಾರದೆ ಇದ್ದವಳನ್ನು ಓದುಗರು ಜೊತೆಯಲ್ಲಿದ್ದು ನೋಡಿರುತ್ತಾರೆ.

ಲೆವೀನಳ 'ದ ಪ್ರಿನ್ಸೆಸ್ ಟೇಲ್ಸ್' ಮಾಲಿಕೆಯ ಪುಸ್ತಕಗಳು (1999-2002) ನಿಜವಾದ ಅರ್ಥದಲ್ಲಿ ಅಧ್ಯಾಯ ಪುಸ್ತಕಗಳು: ಚಿಕ್ಕವು, ನಗೆಯವು. ಅವುಗಳಲ್ಲಿ 1999ರ 'ಪ್ರಿನ್ಸೆಸ್ ಸೊನೋರಾ ಅಂಡ್ ದ ಲಾಂಗ್ ಸ್ಲೀಪ್' ಹೆಚ್ಚಿನ ಗಮನಕ್ಕೆ ಅರ್ಹ. ನಿದ್ರಿಸುವ ಸುಂದರಿಯ ಕಥೆಯ ಹಳೆಯ ರೂಪಗಳಲ್ಲಿ ಕದಿರು ಚುಚ್ಚುವ ಶಾಪದ ವಿಷಯ ರಾಜ್ಯಕ್ಕೆಲ್ಲ ಗೊತ್ತು. ರಾಜನು ಕದಿರುಗಳನ್ನು ಇಲ್ಲವಾಗಿಸುತ್ತಾನೆ. ಹುಡುಗಿಗೆ ಮಾತ್ರ ಯಾರೂ ತಿಳಿಸಿದಂತೆ ಕಾಣುವುದಿಲ್ಲ; ತಿಳಿದಿದ್ದರೆ ಅಪರಿಚಿತ ಮುದುಕಿಯ ಕೈಯ ಕದಿರನ್ನು ಅವಳು ಮುಟ್ಟುವುದೇಕೆ? ಲೆವೀನ್ ಈ ಬಿರುಕನ್ನೇ ಹಿಡಿಯುತ್ತಾಳೆ. ಸೊನೋರಾಗೆ ಒಬ್ಬ ಕಿನ್ನರಿ ಎಲ್ಲರಿಗಿಂತ ಹತ್ತುಪಟ್ಟು ಬುದ್ಧಿಯನ್ನು ಕೊಟ್ಟಿದ್ದಾಳೆ. ತನಗೆ ಒದಗಲಿರುವುದು ಅವಳಿಗೆ ಗೊತ್ತು. ತಪ್ಪಿಸಿಕೊಳ್ಳಲಾಗದಿದ್ದರೆ ಹೊತ್ತನ್ನಾದರೂ ತಾನೇ ಆರಿಸಿಕೊಳ್ಳುತ್ತೇನೆ ಎಂಬುದು ಅವಳ ನಿಶ್ಚಯ. ನಿದ್ರೆಯೆಂದರೆ ಅವಳಿಗೆ ಭಯ. ರಾತ್ರಿಯಿಡೀ ಎಚ್ಚರಿದ್ದು ಓದುತ್ತಾಳೆ. ಎಲ್ಲವನ್ನೂ ಬಲ್ಲವಳ ಉತ್ತರಗಳು ಉದ್ದವಾಗಿರುವುದರಿಂದ ಅವಳನ್ನು ಏನನ್ನಾದರೂ ಕೇಳಲು ಜನ ಹಿಂಜರಿಯುತ್ತಾರೆ. ನೂರು ವರ್ಷಗಳ ಆಚೆಯಿಂದ ಬರುವ ರಾಜಕುಮಾರನಾದರೋ ಕಂಡದ್ದಕ್ಕೆಲ್ಲ ಏಕೆ, ಹೇಗೆ ಎಂದು ಕೇಳುವವನು. ತಿಳಿದವಳಿಗೂ ತಿಳಿಯಬೇಕೆನ್ನುವವನಿಗೂ ಜೊತೆ ಕೂಡುವ ಈ ಮುಕ್ತಾಯ ಮುತ್ತಿಗಿಂತ ಹೆಚ್ಚು ನಂಬುವಂತಿದೆ. ಜಾಣ ಹುಡುಗಿಯ ಒಂಟಿತನವನ್ನು ಇಷ್ಟು ಹಗುರವಾಗಿ, ಇಷ್ಟು ನಿಖರವಾಗಿ ಹೇಳಿದ ಮಕ್ಕಳ ಪುಸ್ತಕಗಳು ಹೆಚ್ಚಿಲ್ಲ.

ಕತ್ತರಿಗೆ ಸಿಕ್ಕ ಬಾಲ್ಯಗಳು

ಹಳೆಯ ಕಥೆಗಳಲ್ಲಿ ಬಾಲ್ಯವಿಲ್ಲ ಎಂಬ ಆರಂಭದ ಮಾತಿಗೆ ಕೆಲವು ಅಪವಾದಗಳಿವೆ. ಆಂಡರ್ಸನ್ 1837ರಲ್ಲಿ ಬರೆದ ಪುಟ್ಟ ಮತ್ಸ್ಯಕನ್ಯೆಯ ಕಥೆಯಲ್ಲಿ ಆರು ಸೋದರಿಯರ ಬಾಲ್ಯ ವಿವರವಾಗಿ ಬರುತ್ತದೆ. ಒಬ್ಬೊಬ್ಬಳಿಗೂ ಕಡಲಡಿಯಲ್ಲಿ ಒಂದೊಂದು ಪಾತಿ, ಕಿರಿಯವಳ ಪಾತಿ ಸೂರ್ಯನಂತೆ ದುಂಡಗೆ, ಅದರಲ್ಲೊಂದು ಅಮೃತಶಿಲೆಯ ಬಾಲಕನ ವಿಗ್ರಹ, ಹದಿನೈದು ತುಂಬಿದ ಮೇಲೆ ನೀರಮೇಲೆ ಏರುವ ಅಪ್ಪಣೆ, ಅದುವರೆಗೆ ಅಜ್ಜಿಯ ಬಾಯಿಂದ ಕೇಳುವ ಮೇಲಣ ಲೋಕದ ವರ್ಣನೆ. ಇದು ಜಾನಪದ ಕಥೆಯಲ್ಲ, ಒಬ್ಬ ಲೇಖಕನ ಕೃತಿ ಎಂಬುದನ್ನು ನೆನೆದರೆ ಅಚ್ಚರಿಯೇನೂ ಇಲ್ಲ.

ಇನ್ನೆರಡು ಅಪವಾದಗಳು ಹೆಚ್ಚು ಕುತೂಹಲಕರ. ಇಟಲಿಯ ಬಾಸೀಲೆಯ ಸಂಕಲನದಲ್ಲಿ (1634-36) ಸಿಂಡರೆಲ್ಲಾಳ ಹೆಸರು ಜೆಜೊಲ್ಲಾ. ಮಲತಾಯಿಯ ಕಾಟ ತಾಳಲಾರದೆ ಅವಳು ಪಾಠ ಹೇಳಿಕೊಡುವವಳ ಬೋಧನೆಯಂತೆ ದೊಡ್ಡ ಪೆಟ್ಟಿಗೆಯ ಮುಚ್ಚಳವನ್ನು ಮಲತಾಯಿಯ ಕತ್ತಿನ ಮೇಲೆ ಬೀಳಿಸಿ ಕೊಲ್ಲುತ್ತಾಳೆ. ಆ ಬೋಧಕಿಯೇ ಎರಡನೆಯ ಮಲತಾಯಿಯಾಗಿ, ಬಚ್ಚಿಟ್ಟಿದ್ದ ತನ್ನ ಆರು ಹೆಣ್ಣುಮಕ್ಕಳೊಡನೆ ಮನೆಹೊಕ್ಕು ಜೆಜೊಲ್ಲಾಳನ್ನು ಒಲೆಯ ಬಳಿಗೆ ತಳ್ಳುತ್ತಾಳೆ. ಸಿಂಡರೆಲ್ಲಾಗೆ ಬಾಲ್ಯವೊಂದು ಇತ್ತು. ಆದರೆ ಅದರಲ್ಲಿ ಕೊಲೆಯಿತ್ತು. ಎರಡನೆಯದು ಫ್ರಾನ್ಸಿನದು. ಬ್ಯೂಟಿ ಮತ್ತು ಬೀಸ್ಟ್ ಕಥೆಯನ್ನು 1740ರಲ್ಲಿ ಮೊದಲು ಬರೆದ ವಿಲ್‌ನವ್ ಎಂಬ ಲೇಖಕಿ, ನಾಯಕಿ ನಿಜವಾಗಿ ವರ್ತಕನ ಮಗಳಲ್ಲ, ಒಬ್ಬ ರಾಜನಿಗೂ ಕಿನ್ನರಿಗೂ ಹುಟ್ಟಿ ಗುಟ್ಟಾಗಿ ವರ್ತಕನ ಮನೆ ಸೇರಿದವಳು ಎಂದು ದೀರ್ಘವಾಗಿ ವಿವರಿಸಿದ್ದಳು. 1756ರಲ್ಲಿ ಹುಡುಗಿಯರ ಶಿಕ್ಷಣಕ್ಕೆಂದು ಕಥೆಯನ್ನು ಮೊಟಕುಗೊಳಿಸಿದ ಬೋಮೋ ಆ ಭಾಗವನ್ನು ಪೂರ್ತಿ ಕೈಬಿಟ್ಟಳು. ಲೋಕಕ್ಕೆ ಉಳಿದುದು ಈ ಮೊಟಕು ರೂಪವೇ. ಗ್ರಿಮ್ ಸೋದರರ ಕತ್ತರಿಯೂ ಇದೇ ಬಗೆಯದು. 1812ರಲ್ಲಿ ಸ್ನೋ ವೈಟಳನ್ನು ಕೊಲ್ಲಿಸಹೊರಟವಳು ಹೆತ್ತ ತಾಯಿ; 1819ರ ಆವೃತ್ತಿಯಲ್ಲಿ ಅವಳು ಮಲತಾಯಿಯಾದಳು.

ಎಂದರೆ ಬಾಲ್ಯದ ಶೂನ್ಯವೆಲ್ಲವೂ ಜಾನಪದ ಶೈಲಿಯ ಸಹಜ ಶೂನ್ಯವಲ್ಲ. ಅದರಲ್ಲೊಂದಷ್ಟು ಮಕ್ಕಳ ಓದಿಗೆ ತಕ್ಕುದಲ್ಲವೆಂದು ದೊಡ್ಡವರು ಕತ್ತರಿಸಿದ ಜಾಗ. ಅದೇ ಜಾಗದಲ್ಲಿ ಇಂದು ಗೆಳತಿಯರ ಮುನಿಸು, ಹುಟ್ಟುಹಬ್ಬದ ಏರ್ಪಾಟು, ಕಳೆದುಹೋದ ಸಾಕುಪ್ರಾಣಿ ಇಂತಹ ಸಂಗತಿಗಳು ಬಂದು ಕೂರುತ್ತವೆ. ಮಗುವಿನ ನಿತ್ಯದ ಬದುಕಿಗೆ ಇವು ಹತ್ತಿರವಾದವು, ನಿಜ. ಆದರೆ ಮನೆಯೊಳಗಿನ ಹಗೆ, ಹಸಿವು, ಬಿಟ್ಟುಹೋಗುವ ತಂದೆತಾಯಿಗಳು ಕೂಡ ಹಲವು ಮಕ್ಕಳ ನಿತ್ಯದ ಬದುಕೇ. ಹಳೆಯ ಕಥೆ ಅದನ್ನು ಅರಿತಿತ್ತು.

ಮಾರುಕಟ್ಟೆಯ ಪಾತ್ರವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಬೇರೆ ಬೇರೆ ಚಿತ್ರಗಳ ನಾಯಕಿಯರನ್ನು ಡಿಸ್ನಿ ಪ್ರಿನ್ಸೆಸ್ ಎಂಬ ಒಂದೇ ಮುದ್ರೆಯಡಿ ತಂದುದು 2000ದ ಸುಮಾರಿಗೆ. 2006ರ ಡಿಸೆಂಬರಿನಲ್ಲಿ ಪೆಗಿ ಒರೆನ್‌ಸ್ಟೀನ್ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಒಂದು ಸ್ವಾರಸ್ಯಕರ ಸಂಗತಿಯಿದೆ: ಸರಕುಗಳ ಮೇಲೆ ರಾಜಕುಮಾರಿಯರನ್ನು ಒಟ್ಟಿಗೆ ಚಿತ್ರಿಸಿದಾಗಲೂ ಅವರ ನೋಟಗಳು ಸಂಧಿಸದಂತೆ ನೋಡಿಕೊಳ್ಳಲಾಗುತ್ತಿತ್ತು. ಲೂಥಿ ಜಾನಪದ ಕಥೆಯಲ್ಲಿ ಗುರುತಿಸಿದ ಪಾತ್ರಗಳ ಬೇರ್ಪಡಿಕೆಯನ್ನು ವ್ಯಾಪಾರಮುದ್ರೆಯ ನಿಯಮದಲ್ಲಿ ಕಾಣುವುದು ವಿಚಿತ್ರವೇ ಸರಿ. ಜೋನ್ ಹೊಲಬ್ ಮತ್ತು ಸೂಜಾನ್ ವಿಲಿಯಮ್ಸ್ 2014ರಲ್ಲಿ ಆರಂಭಿಸಿದ 'ಗ್ರಿಮ್‌ಟಾಸ್ಟಿಕ್ ಗರ್ಲ್ಸ್' ಮಾಲಿಕೆ ಇದಕ್ಕೆ ವಿರುದ್ಧವಾಗಿ ಸಿಂಡರೆಲ್ಲಾ, ರಪುಂಜೆಲ್ ಮೊದಲಾದವರನ್ನು ಒಂದೇ ಶಾಲೆಯ ಸಹಪಾಠಿಗಳನ್ನಾಗಿಸಿದೆ. ಕಥೆಯಿಂದ ಕಥೆಗೆ ಬಾಗಿಲು ತೆರೆದು ಹುಡುಗಿಯರನ್ನು ಗೆಳತಿಯರನ್ನಾಗಿಸುವ ಈ ಉಪಾಯ ಸರಳವಾದುದು, ಆದರೆ ಅದರ ಪರಿಣಾಮ ಸಣ್ಣದಲ್ಲ.

ನಿಜವಾಗಿ ಮಗುವಾಗಿದ್ದವಳು

ಈ ಮಾಲಿಕೆಗಳಲ್ಲಿ ಪೊಕಹಾಂಟಸಳೂ ಇರುವುದು ಅತ್ಯಂತ ಗಂಭೀರವಾದ ಪ್ರಶ್ನೆಯನ್ನು ಎತ್ತುತ್ತದೆ. ಅವಳು ಕಿನ್ನರಕಥೆಯ ರಾಜಕುಮಾರಿಯಲ್ಲ. ಇಂದಿನ ವರ್ಜೀನಿಯಾ ಪ್ರದೇಶದ ಮೂಲನಿವಾಸಿಗಳ ಮುಖಂಡ ಪೊವಾಟನ್‌ನ ಮಗಳಾಗಿ ಸುಮಾರು 1596ರಲ್ಲಿ ಹುಟ್ಟಿದವಳು. ಅಮೊನುಟೆ, ಮಟೋವಾಕಾ ಎಂಬುವು ಅವಳ ಹೆಸರುಗಳು. ಪೊಕಹಾಂಟಸ್ ಎಂಬುದು ಆಟಗುಳಿತನವನ್ನು ಸೂಚಿಸುವ ಮುದ್ದುಹೆಸರು. 1607ರಲ್ಲಿ ಇಂಗ್ಲಿಷರು ಜೇಮ್ಸ್‌ಟೌನಿನಲ್ಲಿ ನೆಲೆಯೂರಿದಾಗ ಅವಳಿಗೆ ಸುಮಾರು ಹನ್ನೊಂದು ವರ್ಷ. 1613ರಲ್ಲಿ ಇಂಗ್ಲಿಷರು ಅವಳನ್ನು ಸೆರೆಹಿಡಿದರು. ಕ್ರೈಸ್ತಮತಕ್ಕೆ ಸೇರಿಸಲ್ಪಟ್ಟು ರೆಬೆಕಾ ಆದಳು. 1614ರಲ್ಲಿ ಜಾನ್ ರಾಲ್ಫ್‌ನೊಡನೆ ಮದುವೆಯಾಯಿತು. 1617ರಲ್ಲಿ ಇಂಗ್ಲೆಂಡಿನ ಗ್ರೇವ್ಸೆಂಡಿನಲ್ಲಿ ಇಪ್ಪತ್ತೊಂದರ ಆಸುಪಾಸಿನಲ್ಲಿ ತೀರಿಕೊಂಡಳು. ತನ್ನ ತಲೆಯನ್ನು ಅವಳು ಉಳಿಸಿದಳೆಂಬ ಜಾನ್ ಸ್ಮಿತ್‌ನ ವಿಸ್ತಾರವಾದ ಕಥನ ಅಚ್ಚಾದುದು 1624ರಲ್ಲಿ, ಅವಳು ಇಲ್ಲವಾದ ಮೇಲೆ.

1995ರ ಡಿಸ್ನಿ ಚಿತ್ರ ಈ ಹನ್ನೊಂದರ ಬಾಲಕಿಯನ್ನು ಯುವತಿಯನ್ನಾಗಿಸಿ ಸ್ಮಿತ್‌ನ ಪ್ರೇಯಸಿಯನ್ನಾಗಿಸಿತು. ಇತಿಹಾಸದ ಬಾಲ್ಯ ಅಲ್ಲಿಗೆ ಅಳಿಸಿಹೋಯಿತು. ಇಪ್ಪತ್ತೈದು ವರ್ಷಗಳ ಬಳಿಕ 2020ರ ಅಧ್ಯಾಯ ಪುಸ್ತಕವು ಆ ಯುವತಿಗೆ ಹಿಂದಿನದೊಂದು ಬಾಲ್ಯವನ್ನು ಕಲ್ಪಿಸಿಕೊಟ್ಟಿತು. ಚಿತ್ರದ ಕಾಲಕ್ರಮಕ್ಕೆ ಬದ್ಧವಾದ ಈ ಬಾಲ್ಯ ಹಡಗುಗಳು ಬರುವುದಕ್ಕೆ ಮುಂಚಿನದಾಗಿರಲೇಬೇಕು. ಹೊಸಿ​ಲಿನ ನಿಯಮ ಅದನ್ನೇ ಬಯಸುತ್ತದೆ. ಆದರೆ ನಿಜವಾದ ಬಾಲ್ಯ ಹಡಗುಗಳು ಬಂದ ಮೇಲಿನದೂ ಹೌದು. ವಿಲಿಯಂ ಸ್ಟ್ರೇಚಿ ಎಂಬ ಇಂಗ್ಲಿಷ್ ಬರಹಗಾರ, ಅವಳು ಕೋಟೆಯ ಹುಡುಗರೊಡನೆ ಸೇರಿ ಲಾಗ ಹಾಕುತ್ತ ಅಂಗಳದಲ್ಲಿ ಸುತ್ತುತ್ತಿದ್ದಳೆಂದು ದಾಖಲಿಸಿದ್ದಾನೆ. ಇಡೀ ಡಿಸ್ನಿ ಗುಂಪಿನಲ್ಲಿ ಬಾಲ್ಯದ ಒಂದು ನೋಟವಾದರೂ ಚರಿತ್ರೆಯ ಕಾಗದದ ಮೇಲೆ ಉಳಿದಿರುವವಳು ಇವಳೊಬ್ಬಳೇ. ಕಲ್ಪಿತ ಬಾಲ್ಯಕ್ಕೆ ಅದೇ ನೋಟ ನಿಷಿದ್ಧವಾಗಿದೆ. ಸಿಂಡರೆಲ್ಲಾಗೆ ಬಾಲ್ಯವನ್ನು ಕಲ್ಪಿಸಿದರೆ ಯಾರಿಗೂ ನಷ್ಟವಿಲ್ಲ. ಇಲ್ಲಾದರೋ ಕಲ್ಪಿತ ಬಾಲ್ಯವು ಸೆರೆಹೋದ ಒಂದು ಮಗುವಿನ ಬಾಲ್ಯದ ಮೇಲೆ ಹೊದಿಸಿದ ಬಟ್ಟೆಯಾಗಿಬಿಡುತ್ತದೆ.

ಕನ್ನಡದ ಸಂದರ್ಭದಲ್ಲಿ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ ಒಂದು ಕಥೆಯಿದೆ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ 'ಹಂಚಿ'ಯ ಕಥೆಯನ್ನು ಅಲನ್ ಡಂಡಿಸ್ 1982ರಲ್ಲಿ ಸಂಪಾದಿಸಿದ ಸಿಂಡರೆಲ್ಲಾ ಅಧ್ಯಯನ ಸಂಪುಟದಲ್ಲಿ ಕನ್ನಡದ ಸಿಂಡರೆಲ್ಲಾ ಎಂದೇ ಪರಿಚಯಿಸಲಾಗಿದೆ. ಅಲ್ಲಿ ಮಲತಾಯಿಯಿಲ್ಲ, ಗಾಜಿನ ಪಾದರಕ್ಷೆಯಿಲ್ಲ. ಚಿನ್ನದ ಕೂದಲಿನ ಹುಡುಗಿಯ ಮೇಲೆ ಒಡಹುಟ್ಟಿದವನ ಕಣ್ಣು ಬೀಳುತ್ತದೆ. ತಾಯಿಯು ಮಗಳ ಮುಖಕ್ಕೆ ಮಣ್ಣಿನ ಮುಖವಾಡವನ್ನು ತೊಡಿಸಿ ಮನೆಯಿಂದ ಆಚೆಗೆ ಕಳುಹಿಸುತ್ತಾಳೆ. ಆ ಮಣ್ಣಿನ ಹಂಚಿನಿಂದ ಅವಳಿಗೆ ಹಂಚಿ ಎಂಬ ಹೆಸರು. ಬೂದಿಯ ಹೆಸರಿನವಳಂತೆ ಇವಳಿಗೂ ಅದಕ್ಕೆ ಮುಂಚೆ ಬೇರೊಂದು ಹೆಸರಿದ್ದಿರಬೇಕು. ಕಥೆ ಮದುವೆಯಲ್ಲಿ ಮುಗಿಯುವುದೂ ಇಲ್ಲ. ಮದುವೆಯ ಆಚೆಗೂ ಅವಳಿಗೆ ಸಂಕಟವುಂಟು. ಹೆಂಗಸರ ಕಥೆಗಳಲ್ಲಿ ಮದುವೆ ಬಹುಬಾರಿ ಕೊನೆಯಾಗಿರದೆ ನಡುವೆ ಬರುತ್ತದೆ ಎಂಬುದನ್ನು ರಾಮಾನುಜನ್ ಗುರುತಿಸಿದ್ದಾರೆ.

ಇಂಗ್ಲಿಷಿನ ಮಾದರಿಯನ್ನು ಅನುಸರಿಸಿ ಹಂಚಿಯ ಬಾಲ್ಯವನ್ನು ಕನ್ನಡದ ಮಕ್ಕಳಿಗಾಗಿ ಯಾರಾದರೂ ಬರೆಯಹೊರಟರೆ ಅವರಿಗೆ ಮೊದಲು ಎದುರಾಗುವವನು ಈ ಅಣ್ಣ. ಮುಖವಾಡಕ್ಕೆ ಮುಂಚಿನ ಮನೆಯಲ್ಲಿ ಅವನು ಇದ್ದಾನೆ, ಅವಳೊಡನೆ ಆಡಿದ್ದಾನೆ, ಒಂದೇ ತಟ್ಟೆಯಲ್ಲಿ ಉಂಡಿರಲೂಬಹುದು. ಅವನನ್ನು ಬಿಟ್ಟರೆ ಮುಖವಾಡಕ್ಕೆ ಕಾರಣವಿಲ್ಲ. ಇಟ್ಟುಕೊಂಡರೆ, ಅವನನ್ನು ಮೊದಲ ಅಧ್ಯಾಯದಲ್ಲಿ ಹೇಗೆ ಚಿತ್ರಿಸಬೇಕೆಂಬುದನ್ನು ಬರೆಯುವವರೇ ನಿರ್ಧರಿಸಬೇಕಾಗುತ್ತದೆ.